ಬೋರ್ಡಿನ ಬೆನ್ನು

ಮಾರ್ಚ್ 4

ದ್ವೀಪದ ಹವಾಮಾನ ಕೇಂದ್ರದಲ್ಲಿ ಕುಳಿತು ಗಾಳಿಯ ಬಾಲ ಅಳೆಯುತ್ತಿರುವ ಮಹಾರಾಜಶ್ರೀ ಅಕ್ಕನವರ ಸನ್ನಿಧಾನಕ್ಕೆ,

ಬೋರ್ಡು ಬರೆಯುವ ಅಂಗಡಿಯ ಕಿರಿಯ ಕುಂಚಾಧಿಕಾರಿಯೂ ನಿನ್ನ ಚಿಕ್ಕಪ್ಪನ ಮಗಳೂ ಆದ ಚಿನಕುರುಳಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಇಲ್ಲಿ ಎಲ್ಲರೂ ಕ್ಷೇಮ. ಆದರೆ ನಮ್ಮ ಕ್ಷೌರದ ಅಂಗಡಿ ಎರಡು ದೇಶವಾಗಿದೆ.

ನಗಬೇಡ. ವಿಷಯ ಗಂಭೀರವಾಗಿದೆ.

ಚುನಾವಣೆ ಬಂದಿರುವುದು ಅಲ್ಲಿಗೂ ತಿಳಿದಿರಬೇಕು. ಗಂಟೆ ಗುರುತಿನವರು ಹಳೇ ಬಂದರನ್ನು ಕಂಪನಿಗೆ ಮಾರಿ ಹೊಸದು ಕಟ್ಟಿಸುತ್ತಾರಂತೆ. ಕೊಡೆ ಗುರುತಿನವರು ತಲೆ ಹೋದರೂ ಮಾರಕೂಡದು ಅನ್ನುತ್ತಾರೆ. ನಿನ್ನ ಅಪ್ಪ, ಅಂದರೆ ನನ್ನ ದೊಡ್ಡಪ್ಪ, ಗಂಟೆ. ನನ್ನ ಅಪ್ಪ ಕೊಡೆ. ಇದರಲ್ಲೇನು ಹೊಸದು, ಈ ಅಣ್ಣ ತಮ್ಮ ಯಾವತ್ತು ಒಂದು ಮಾತಿಗೆ ಒಪ್ಪಿದ್ದರು ಅನ್ನುತ್ತೀಯ. ನಿಜ. ಆದರೆ ಜಗಳಕ್ಕೆ ಅಜ್ಜ ಮಾಡಿಟ್ಟ ಕಟ್ಟಳೆ ಇತ್ತಲ್ಲ: ಕತ್ತಿ ಕೆನ್ನೆ ಮೇಲಿರುವಾಗ ಕ್ಷೌರ ಮಾಡುವವನ ಮಾತು, ಕತ್ತಿ ಒರೆಸುವಾಗ ಕುಳಿತವನ ಮಾತು. ನಡುವೆ ಬಾಯಿ ಹಾಕಿದರೆ ರಕ್ತ ಬರುತ್ತದೆ, ಹಾಗಾಗಿ ಯಾರೂ ಹಾಕುತ್ತಿರಲಿಲ್ಲ. ಒಂದು ಗಡ್ಡಕ್ಕೆ ಇಪ್ಪತ್ತು ವಾದ, ಇಪ್ಪತ್ತು ಪ್ರತಿವಾದ. ಸೋಮವಾರದ ರಜೆಯಲ್ಲಿ ಬಾಗಿಲು ಅರ್ಧ ಇಳಿಸಿ ಇವರಿಬ್ಬರೂ ಒಬ್ಬರ ತಲೆ ಒಬ್ಬರು ಕತ್ತರಿಸುವಾಗ ಹೊರಗಿನವರಿಗೆ ಒಳಗೆ ಕೊಲೆಯಾಗುತ್ತಿದೆ ಅನ್ನಿಸಬೇಕು. ಸ್ವಲ್ಪ ಹೊತ್ತಿಗೆ ಇಬ್ಬರೂ ನುಣ್ಣಗೆ ಹೊರಗೆ ಬರುತ್ತಿದ್ದರು.

ಈಗ ಕೇಳು. ಕಳೆದ ವಾರದಿಂದ ಅಜ್ಜನ ಉದ್ದ ಕನ್ನಡಿಯ ಮೇಲೆ ಒಂದು ಬೋರ್ಡು ಬಂದು ಕೂತಿದೆ. ಕಪ್ಪು ನೆಲ, ಚಿನ್ನದ ಬಣ್ಣದ ಅಂಚು. ಒಕ್ಕಣೆ ಹೀಗಿದೆ:

"ಗಂಟೆಯವರು ಕಿಟಕಿ ಪಕ್ಕದ ಕುರ್ಚಿಯಲ್ಲೂ ಕೊಡೆಯವರು ನಲ್ಲಿ ಪಕ್ಕದ ಕುರ್ಚಿಯಲ್ಲೂ ಮಾತ್ರ ಕುಳಿತುಕೊಳ್ಳತಕ್ಕದ್ದು. ತಪ್ಪಿ ಕುಳಿತವರ ಮೀಸೆಗೆ ಆಡಳಿತವು ಜವಾಬ್ದಾರಿಯಲ್ಲ. ಅಪ್ಪಣೆಯ ಮೇರೆಗೆ."

ಯಾರ ಅಪ್ಪಣೆ ಅಂತ ಒಬ್ಬನೂ ಕೇಳಲಿಲ್ಲ. ಬಂದವರು ಓದಿದರು, ತಲೆಯಾಡಿಸಿದರು, ದೊಡ್ಡಪ್ಪನ ಕಿಟಕಿ ಕುರ್ಚಿಗೋ ಅಪ್ಪನ ನಲ್ಲಿ ಕುರ್ಚಿಗೋ ಹೋಗಿ ಕೂತರು. ನಿವೃತ್ತ ಲೆಕ್ಕದ ಮೇಷ್ಟ್ರು ಮಾತ್ರ ಮಧ್ಯದಲ್ಲಿ ನಿಂತು, "ನಾನಿನ್ನೂ ಯೋಚನೆ ಮಾಡ್ತಾ ಇದೀನಪ್ಪ, ನಾನೆಲ್ಲಿ ಕೂತ್ಕೊಳ್ಳಲಿ?" ಅಂದರು. ಯಾರೂ ಉತ್ತರ ಕೊಡದೆ ಇದ್ದದ್ದಕ್ಕೆ ಗಡ್ಡದ ಸಮೇತ ಮನೆಗೆ ಹೋದರು.

ಅದು ನಮ್ಮ ಬೋರ್ಡಿನ ಅಂಗಡಿಯದೇ, ಬರೆದದ್ದು ಈ ಕೈಯೇ. ಬರೆಸಿದ ಗಿರಾಕಿಯ ಹೆಸರು ಮಾತ್ರ ಕೇಳಬೇಡ. ವೃತ್ತಿಧರ್ಮ. ನಮ್ಮ ಮೇಸ್ತ್ರಿ ಹೇಳುವಂತೆ ಬೋರ್ಡಿನ ಮುಖ ಗಿರಾಕಿಯದು, ಬೆನ್ನು ಬರೆಯುವವನದು. ಬೆನ್ನ ಮೇಲೆ ಕುಂಚ ಪರೀಕ್ಷೆ ಮಾಡಿ, ಗಿರಾಕಿ ಯಾರು, ಯಾವಾಗ ತೆಗೆಯಬೇಕು ಅಂತ ಗುರುತು ಹಾಕಿ, ಉಳಿದ ಜಾಗದಲ್ಲಿ ಮನಸ್ಸಿಗೆ ಬಂದದ್ದು ಗೀಚಬಹುದು. ಗೋಡೆಗೆ ಹತ್ತಿದ ಮೇಲೆ ಅದು ಬೋರ್ಡಿಗೂ ಗೋಡೆಗೂ ಬಿಟ್ಟ ಮಾತು. ಹಲ್ಲಿನ ಡಾಕ್ಟರ ಬೋರ್ಡಿನ ಬೆನ್ನಲ್ಲಿ ನಾನು ಬರೆದ ಬೊಚ್ಚುಬಾಯಿ ಮೊಸಳೆಯನ್ನು ನೀನು ನೋಡಬೇಕಿತ್ತು.

ಇಂತಿ ವಿಧೇಯಳಾದ,
ಕುಂಚಾಧಿಕಾರಿ


ಮಾರ್ಚ್ 16

ಚಿನಕುರುಳಿ,

ದೋಣಿ ಹತ್ತು ದಿನಕ್ಕೊಮ್ಮೆ ಅಂತ ಕಾಗದದಲ್ಲಿದೆ, ಬಂದದ್ದು ಹನ್ನೆರಡನೇ ದಿನಕ್ಕೆ. ನಿನ್ನ ಪತ್ರ ಓದಿ ಒಬ್ಬಳೇ ನಕ್ಕೆ. ಇಲ್ಲಿ ಒಬ್ಬಳೇ ನಕ್ಕರೆ ಕೇಂದ್ರದ ಮೇಲಧಿಕಾರಿ ಬಾಗಿಲಿನಿಂದ ಇಣುಕಿ ನೋಡುತ್ತಾರೆ, ಹುಷಾರು ತಪ್ಪಿದೆಯೇನೋ ಅಂತ. ಇದ್ದ ಒಂದು ಫೋನಿನ ತಂತಿ ಬಿರುಗಾಳಿಗೆ ಹೋಗಿದೆ. ರೇಡಿಯೋದಲ್ಲಿ ಗಾಳಿಯ ಅಂಕಿ ಮಾತ್ರ ಕಳಿಸಬಹುದು, ಮನೆಯ ಸಮಾಚಾರ ಕೇಳುವ ಹಾಗಿಲ್ಲ. ಹಾಗಾಗಿ ನೀನು ಬರೆದಷ್ಟೇ ನನ್ನ ಪ್ರಪಂಚ. ನೋಡಿಕೊಂಡು ಬರಿ.

ನಕ್ಕಾದ ಮೇಲೆ ಒಂದು ವಿಷಯ ತಲೆಯಲ್ಲಿ ಉಳಿಯಿತು. ಅದೇ ದೋಣಿಯಲ್ಲಿ ಅಪ್ಪನ ಪತ್ರವೂ ಬಂದಿದೆ. ಬೋರ್ಡಿನ ಮಾತೇ ಇಲ್ಲ. "ಎಲ್ಲ ಸರಿಯಾಗಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು." ಇಷ್ಟೇ. ಅಪ್ಪ ನಾಲ್ಕು ಪುಟ ಬರೆದರೆ ಮೂರೂವರೆ ಪುಟ ಚಿಕ್ಕಪ್ಪನನ್ನು ಬೈದಿರುತ್ತಿದ್ದರು. ಎರಡು ಸಾಲು ಬರೆದರೆ ನನಗೆ ಭಯ.

ಬೋರ್ಡು ಬರೆಸಿದ್ದು ಯಾರು? ವೃತ್ತಿಧರ್ಮ ಗಿತ್ತಿಧರ್ಮ ಬಿಟ್ಟು ಹೇಳು.

ಇವತ್ತು ಗಾಳಿ ದಿಕ್ಕು ಬದಲಿಸುತ್ತಲೇ ಇದೆ. ಪುಸ್ತಕದಲ್ಲಿ "ಅನಿಶ್ಚಿತ" ಅಂತ ಬರೆದೆ. ಇಲ್ಲಿ ಹಾಗೆ ಬರೆಯಲು ಒಂದು ಕಾಲಮೇ ಇದೆ, ಗೊತ್ತಾ?

ಅಕ್ಕ


ಏಪ್ರಿಲ್ 2

ಅನಿಶ್ಚಿತ ಕಾಲಮಿನ ಒಡತಿಗೆ ನಮಸ್ಕಾರಗಳು.

ಈ ವಾರದ ಕ್ಷೌರ ಸಮಾಚಾರ. ಊರಲ್ಲಿ ಗಾಯಾಳುಗಳು ಹೆಚ್ಚಿದ್ದಾರೆ. ಕಾರಣ ಕೇಳಿದರೆ ನೀನು ನಂಬುವುದಿಲ್ಲ: ಒಮ್ಮತ. ಈಗ ಕಿಟಕಿ ಕುರ್ಚಿಯಲ್ಲಿ ಎಲ್ಲರೂ ಗಂಟೆ, ನಲ್ಲಿ ಕುರ್ಚಿಯಲ್ಲಿ ಎಲ್ಲರೂ ಕೊಡೆ. ದೊಡ್ಡಪ್ಪ ಒಂದು ಮಾತು ಹೇಳಿದರೆ ಕುಳಿತವನು "ಹೌದೌದು, ಸರಿಯಾಗಿ ಹೇಳಿದ್ರಿ" ಅಂತ ಕತ್ತಿ ಕೆಳಗೇ ತಲೆ ಆಡಿಸುತ್ತಾನೆ. ಚರಕ್! ಅಪ್ಪನ ಕಡೆಯೂ ಅದೇ ಕಥೆ. ಎದುರಾಡುವವನು ಕತ್ತಿ ಒರೆಸುವ ತನಕ ಕಾಯುತ್ತಿದ್ದ, ಒಪ್ಪುವವನಿಗೆ ಕಾಯುವ ದರ್ದೇನು? ಬೀದಿ ತುಂಬ ಕೆನ್ನೆಗೆ ಹತ್ತಿ ಅಂಟಿಸಿಕೊಂಡವರು. ಹತ್ತಿ ಎಡಗೆನ್ನೆಯಲ್ಲಿದ್ದರೆ ಯಾವ ಪಕ್ಷ ಅಂತ ಜನ ಲೆಕ್ಕ ಹಾಕುತ್ತಿದ್ದಾರೆ.

ಇದು ನಗುವ ಭಾಗ. ಇನ್ನೊಂದು ಭಾಗ ಇದೆ.

ದೊಡ್ಡಪ್ಪ ನಮ್ಮ ಮನೆಗೆ ಊಟಕ್ಕೆ ಬರುವುದು ಬಿಟ್ಟು ಇಪ್ಪತ್ತು ದಿನವಾಯಿತು. ಮೆಟ್ಟಿಲು ಹತ್ತುವಾಗ ನಮ್ಮ ಬಾಗಿಲ ಮುಂದೆ ಕೆಮ್ಮುತ್ತಿದ್ದರಲ್ಲ, "ಬಡಿಸು" ಅನ್ನುವ ಹಾಗೆ, ಆ ಕೆಮ್ಮೂ ಇಲ್ಲ. ಅಮ್ಮ ದಿನಾ ಡಬ್ಬಿ ಕಟ್ಟಿ ನನ್ನ ಕೈಲಿ ಮಹಡಿಗೆ ಕಳಿಸುತ್ತಾರೆ. ಅರ್ಧ ಡಬ್ಬಿ ವಾಪಸ್ ಬರುತ್ತದೆ. ಅಪ್ಪ ಅದನ್ನು ನೋಡಿ, "ಗಂಟೆಯವರು ಹೊಟ್ಟೆ ತುಂಬ ಗಾಳಿ ಊದಿರ್ತಾರೆ, ಊಟ ಎಲ್ಲಿ ಹಿಡಿಸುತ್ತೆ?" ಅಂತಾರೆ. ಅಂದಮೇಲೆ ತಾವೂ ತಟ್ಟೆ ಬಿಟ್ಟು ಏಳುತ್ತಾರೆ.

ಸೋಮವಾರದ ಕ್ಷೌರವೂ ನಿಂತಿದೆ. ಮೂರು ಸೋಮವಾರ ಹೋಯಿತು. ಹುಟ್ಟಿದಾಗಿನಿಂದ ಇವರ ತಲೆಗಾಗಲಿ ಗಡ್ಡಕ್ಕಾಗಲಿ ಬೇರೆಯವರ ಕೈ ಸೋಕಿಲ್ಲ. ಮೊದಲು ಅಜ್ಜ, ಆಮೇಲೆ ಒಬ್ಬರಿಗೊಬ್ಬರು. ಈಗ ಇನ್ನೊಬ್ಬ ಕ್ಷೌರಿಕನ ಹತ್ತಿರ ಹೋಗಲು ಮಾನ ಬಿಡುವುದಿಲ್ಲ, ಪಕ್ಕದ ಕುರ್ಚಿಗೆ ಹೋಗಲು ಹಟ ಬಿಡುವುದಿಲ್ಲ. ಊರಿಗೆಲ್ಲ ತಲೆ ಕತ್ತರಿಸುವ ಇಬ್ಬರೂ ಪೊದೆಯಾಗುತ್ತಿದ್ದಾರೆ.

ನನಗೆ ಅರ್ಥವಾಗದ್ದು ಒಂದೇ. ಆ ಬೋರ್ಡು ಇಬ್ಬರ ತಲೆಯ ಮೇಲೇ ಇದೆ. ಕೈ ಎತ್ತಿದರೆ ಸಿಗುತ್ತದೆ. ಒಬ್ಬರೂ ಯಾಕೆ ತೆಗೆಯುತ್ತಿಲ್ಲ?

ನೀನು ಕೇಳಿದ ಪ್ರಶ್ನೆಗೆ ಉತ್ತರ ಮುಂದೆ ಯಾವಾಗಲಾದರೂ. ಕುಂಚ ತೊಳೆಯಬೇಕು, ಮೇಸ್ತ್ರಿ ಕೂಗುತ್ತಿದ್ದಾರೆ.

ಚಿನಕುರುಳಿ


ಏಪ್ರಿಲ್ 15

ತಂಗಿಗೆ,

ಕುಂಚ ತೊಳೆಯುವ ನೆಪದಲ್ಲಿ ನೀನು ಕೊಡದೆ ಹೋದ ಉತ್ತರ ಅಪ್ಪನ ಪತ್ರದಲ್ಲಿ ಸಿಕ್ಕಿತು. ಈ ಸಲ ಎರಡು ಸಾಲಲ್ಲ, ಒಂದು ಪುಟ. ಬೋರ್ಡು ಬರೆಸಿದ್ದು ಚಿಕ್ಕಪ್ಪ. ತನ್ನ ಗಿರಾಕಿಗಳನ್ನು ಬೇರೆ ಮಾಡಿಕೊಳ್ಳಬೇಕು ಅನ್ನಿಸಿದ್ದರೆ ಅಣ್ಣನಿಗೆ ಬಾಯಿ ಬಿಟ್ಟು ಹೇಳಬಹುದಿತ್ತು. ಮಗಳ ಕೈಲಿ ಬರೆಸಿ, ಅಂಗಡಿ ಮುಚ್ಚಿದ್ದ ದಿನ ಹೊಡೆಸಿ, ಏನೂ ಗೊತ್ತಿಲ್ಲದವರ ಹಾಗೆ ಕತ್ತಿ ಮಸೆಯುತ್ತ ನಿಂತರಂತೆ.

ನೀನು ಅದನ್ನೇ ಅಪ್ಪಣೆ, ಆಡಳಿತ, ಮೀಸೆ ಅಂತ ಬಣ್ಣ ಹಚ್ಚಿ ನನಗೆ ಬರೆದೆ. ನಾನು ನಕ್ಕೆ. ನನ್ನ ಅಪ್ಪನನ್ನು ಅವರದೇ ಅಂಗಡಿಯ ಒಂದು ಮೂಲೆಗೆ ತಳ್ಳಿದ ಬೋರ್ಡಿಗೆ ಸಮುದ್ರದ ನಡುವೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ನಗು ನೆನೆದರೆ ನನಗೇ ಒಂಥರಾ ಆಗುತ್ತದೆ.

ಅಪ್ಪ ಗಂಟೆಗೆ ಓಟು ಹಾಕುವುದು ಅವರಿಷ್ಟ. ಅದಕ್ಕೆ ಅವರನ್ನು ಗಾಳಿ ತುಂಬಿದ ಚೀಲ ಅನ್ನುವ ಹಕ್ಕು ಚಿಕ್ಕಪ್ಪನಿಗೆ ಕೊಟ್ಟವರು ಯಾರು? ನೀನು ಅದನ್ನೂ ತಮಾಷೆ ಅಂತ ಬರೆದು ಕಳಿಸಿದೆ.

ಡಬ್ಬಿ ಕಳಿಸುತ್ತಿರುವುದಕ್ಕೆ ಚಿಕ್ಕಮ್ಮನಿಗೆ ನನ್ನ ಧನ್ಯವಾದ ತಿಳಿಸು.

ಗಾಳಿ ವಾಯವ್ಯ. ವೇಗ ಹೆಚ್ಚಿದೆ.


ಏಪ್ರಿಲ್ 28

ಸನ್ಮಾನ್ಯ ಹವಾಮಾನ ಸಹಾಯಕಿಯವರಿಗೆ,

ತಮ್ಮ ಪತ್ರ ತಲುಪಿತು. ಧನ್ಯವಾದವನ್ನು ಅಮ್ಮನಿಗೆ ತಿಳಿಸಲಾಗಿದೆ. ಅಮ್ಮ ಅದನ್ನು ಕೇಳಿ, "ಅವಳು ನನಗೆ ಧನ್ಯವಾದ ಹೇಳೋ ಹಾಗಾದ್ಲಾ?" ಅಂತ ಒಲೆ ಕಡೆ ತಿರುಗಿಕೊಂಡರು.

ದೊಡ್ಡಮ್ಮ ಹೋದ ಮೇಲೆ ಒಂಬತ್ತು ವರ್ಷ ನಿಮ್ಮಿಬ್ಬರ ತಟ್ಟೆಗೂ ಬಡಿಸಿದ್ದು ಅದೇ ಕೈ. ಅದನ್ನೂ ಕೊಡೆಯವರ ಸಂಚು ಅಂತ ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳತಕ್ಕದ್ದು. ಅದಕ್ಕೂ ಒಂದು ಕಾಲಮು ಇರಬೇಕಲ್ಲ.

ನನ್ನ ಅಪ್ಪ ಏನೂ ಬರೆಸಿಲ್ಲ. ಅಂಗಡಿಯಲ್ಲಿ ಅವರು ಹೇಳುವುದು, ಬರೆಸಿದ್ದು ನಿಮ್ಮ ಅಪ್ಪ ಅಂತ. ಗಂಟೆಯವರ ಸಹವಾಸ ಮಾಡಿ ತಮ್ಮನ ಗಿರಾಕಿಗಳು ಹತ್ತಿರ ಬಂದರೆ ಮೈಲಿಗೆ ಅನ್ನುವ ಹಾಗಾಗಿದ್ದಾರಂತೆ. ನಾನು ಯಾರನ್ನು ನಂಬಲಿ? ಯಾರನ್ನೂ ನಂಬದಿರುವುದು ಆಡಳಿತದ ದೃಷ್ಟಿಯಿಂದ ಕ್ಷೇಮ.

ಇತಿ,
ನಲ್ಲಿ ಪಕ್ಕದವಳು


ಜೂನ್ 9

ಅಕ್ಕ,

ನಾಲ್ಕು ದೋಣಿ ಬಂದು ಹೋದವು. ನಿನ್ನ ಪತ್ರವಿಲ್ಲ. ನಾನೂ ಹಾಕಿಲ್ಲ. ದೊಡ್ಡಮ್ಮನ ಹೆಸರು ಎತ್ತಿದ ಆ ಸಾಲನ್ನು ಅಂಚೆ ಡಬ್ಬಿಗೆ ಹಾಕಿದ ಕ್ಷಣವೇ ವಾಪಸ್ ತೆಗೆಯಲು ಕೈ ತೂರಿಸಿದೆ. ಕೈ ಸಿಕ್ಕಿಕೊಂಡಿತು. ಅಂಚೆಯಣ್ಣ ಬಂದು ಬಿಡಿಸಿ, "ಹಾಕಿದ್ಮೇಲೆ ಅದು ನಿಂದಲ್ಲಮ್ಮ" ಅಂದ.

ಈ ಸಲ ಬಿರುದು ಬಾವಲಿ ಇಲ್ಲ. ಹೇಳಬೇಕಾದ್ದನ್ನು ಹೇಳುತ್ತೇನೆ. ಬೋರ್ಡು ಯಾರೂ ಬರೆಸಿದ್ದಲ್ಲ. ನನ್ನ ತಮಾಷೆ ಅದು.

ಫೆಬ್ರವರಿಯಲ್ಲಿ ಬಂದರಿನ ವಿಷಯಕ್ಕೆ ಇಬ್ಬರೂ ಕಟ್ಟಳೆ ಮರೆತು ಒಟ್ಟಿಗೇ ಕೂಗುತ್ತಿದ್ದರು. ಆಡಿಕೊಂಡು ನಗಿಸೋಣ ಅನ್ನಿಸಿತು. ಉಳಿದ ಹಲಗೆಯಲ್ಲಿ ಬರೆದು, ಒಂದು ಸೋಮವಾರ ಮಧ್ಯಾಹ್ನ ಹೋಗಿ ತಿರುಪು ಬಿಗಿದೆ. ಮರುದಿನ ನೋಡಿ ನಗುತ್ತಾರೆ, ನನ್ನ ಕಿವಿ ಹಿಂಡುತ್ತಾರೆ, ತೆಗೆದು ಬಿಸಾಡುತ್ತಾರೆ ಅಂದುಕೊಂಡೆ. ಅಪ್ಪ ನೋಡಿದರು. ನಗಲಿಲ್ಲ. "ಯಾರು ಬರೆಸಿದ್ದು?" ಅಂತ ಕೇಳಿದರು. ನಾನು ಮುಖ ಗಂಟಿಕ್ಕಿಕೊಂಡು, "ಗಿರಾಕಿಯ ಗುಟ್ಟು ಬಿಡೋದು ನಮ್ಮ ವೃತ್ತಿಧರ್ಮ ಅಲ್ಲ" ಅಂದೆ. ಸಂಜೆ ದೊಡ್ಡಪ್ಪ ಕೇಳಿದರು. ಅದೇ ಉತ್ತರ, ಅದೇ ಮುಖ. ಅಷ್ಟೇ ಅಕ್ಕ ನಾನು ಮಾಡಿದ್ದು. ಅಣ್ಣ ಬರೆಸಿದ ಅಂತ ತಮ್ಮನಿಗೆ, ತಮ್ಮ ಬರೆಸಿದ ಅಂತ ಅಣ್ಣನಿಗೆ ಅನ್ನಿಸಿಬಿಟ್ಟಿತು. ಅವರು ಇನ್ನೊಂದು ಸಲ ಕೇಳಲಿಲ್ಲ, ನಾನು ಹೇಳಲಿಲ್ಲ. ಮೊದಲ ವಾರ ಮಜಾ ಅನ್ನಿಸುತ್ತಿತ್ತು. ಎರಡನೇ ವಾರ ಭಯವಾಯಿತು. ಆಮೇಲೆ ಹೇಳಲು ತೀರಾ ತಡವಾಗಿತ್ತು, ಅಥವಾ ಹಾಗೆ ಅಂದುಕೊಂಡು ಸುಮ್ಮನಿದ್ದೆ.

ಚುನಾವಣೆ ಮುಗಿದರೆ ಇದೂ ಮುಗಿಯುತ್ತದೆ ಅಂತ ಕಾದೆ. ಗಂಟೆ ಗೆದ್ದಿತು. ಗೆದ್ದವರಿಗೂ ಸಿಟ್ಟು, ಸೋತವರಿಗೂ ಸಿಟ್ಟು. ಹಾಗಾದರೆ ಗೆಲ್ಲುವುದು ಯಾತಕ್ಕೆ? ಈಗ ಅಂಗಡಿ ನಡುವೆ ಪ್ಲೈವುಡ್ ಗೋಡೆ ಬರುತ್ತಿದೆ. ಜುಲೈ ಎರಡು, ಸೋಮವಾರ, ಗಾಜಿನವನು ಬಂದು ಅಜ್ಜನ ಕನ್ನಡಿಯನ್ನು ನಡುವೆ ಕೊಯ್ಯುತ್ತಾನೆ. ಇಷ್ಟನ್ನೂ ಇಬ್ಬರೂ ಒಂದು ಮಾತಿಲ್ಲದೆ ನನ್ನ ಅಮ್ಮನ ಮೂಲಕ ತೀರ್ಮಾನ ಮಾಡಿಕೊಂಡರು. ಜಗಳವೇ ಆಡಲಿಲ್ಲ ಅಕ್ಕ. ಕನ್ನಡಿ ಕೊಯ್ಯುವುದಕ್ಕೂ ಜಗಳ ಆಡದಿದ್ದರೆ ಇವರಿಗೆ ಏನಾಗಿದೆ?

ಹೋದ ವಾರ ಒಪ್ಪಿಕೊಂಡೆ. ಮೊದಲು ಅಪ್ಪನ ಮುಂದೆ. ಪೂರ್ತಿ ಕೇಳಿದರು. "ದೊಡ್ಡಪ್ಪನ್ನ ಉಳಿಸೋಕೆ ನಿನ್ನ ತಲೆ ಮೇಲೆ ಹಾಕ್ಕೋತೀಯಲ್ಲ, ಒಳ್ಳೇ ಮಗು ನೀನು" ಅಂದರು. ಮಹಡಿಗೆ ಹೋಗಿ ದೊಡ್ಡಪ್ಪನಿಗೆ ಹೇಳಿದೆ. "ನಿಮ್ಮಪ್ಪ ಹೇಳಿಕೊಟ್ಟಿದ್ದನ್ನ ಒಂದು ಅಕ್ಷರ ಬಿಡದೆ ಒಪ್ಪಿಸಿದೆ ಕಣೇ" ಅಂದರು. ಅತ್ತುಬಿಟ್ಟೆ. ಆಣೆ ಇಟ್ಟೆ. ಇಬ್ಬರೂ, "ನಿನ್ನ ನಾಟಕ ನಮಗೆ ಗೊತ್ತಿಲ್ವಾ" ಅಂದರು. ಹುಟ್ಟಿದಾಗಿನಿಂದ ಸುಳ್ಳನ್ನು ಗಂಭೀರವಾಗಿ ಹೇಳಿ ನಗಿಸಿದವಳು ನಾನು. ನಿಜ ಹೇಳುವಾಗ ಹಾಕಿಕೊಳ್ಳಲು ನನ್ನ ಹತ್ತಿರ ಬೇರೆ ಮುಖವೇ ಇಲ್ಲ.

ಬೋರ್ಡನ್ನೇ ಕಿತ್ತು ಹಾಕೋಣ ಅಂತ ಸ್ಟೂಲು ಹತ್ತಿದೆ. ಆ ಹೊತ್ತಿಗೆ ಅಂಗಡಿಯಲ್ಲಿದ್ದ ಗಂಟೆಯವರೂ ಕೊಡೆಯವರೂ "ನಮ್ಮ ಕುರ್ಚಿ ಕಿತ್ಕೊಳ್ಳೋಕೆ ಬಂದ್ಲು" ಅಂತ ಕೂಗಿ, ಆ ಕಾಲು ಇವರು ಈ ಕಾಲು ಅವರು ಹಿಡಿದು ನನ್ನನ್ನು ಇಳಿಸಿದರು. ಮೂರು ತಿಂಗಳಲ್ಲಿ ಅವರು ಒಟ್ಟಿಗೆ ಮಾಡಿದ ಕೆಲಸ ಅದೊಂದೇ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಅದರ ಬೆನ್ನ ಮೇಲೆ ನಾನು ಏನು ಗೀಚಿದ್ದೇನೆ ಅನ್ನುವುದನ್ನು ಇಬ್ಬರಲ್ಲಿ ಯಾರು ನೋಡಿದರೂ ನನ್ನನ್ನು ಮನೆಯೊಳಗೆ ಸೇರಿಸುವುದಿಲ್ಲ. ನಿನಗೂ ಹೇಳುವುದಿಲ್ಲ.

ಇನ್ನೊಂದು ವಿಷಯ. ಇದನ್ನು ನಾನು ಹೇಳಬಾರದೇನೋ. ದೊಡ್ಡಪ್ಪ ಯಾಕೆ ಗಂಟೆ ಅಂತ ಗೊತ್ತಾಯಿತು. ಡಬ್ಬಿ ಕೊಡಲು ಹೋದಾಗ ಅವರ ಮೇಜಿನ ಮೇಲೆ ಗಂಟೆಯವರ ಕರಪತ್ರವಿತ್ತು. ಒಂದೇ ಒಂದು ಸಾಲಿನ ಕೆಳಗೆ ಗೆರೆ ಎಳೆದಿದ್ದರು: "ಹೊಸ ಬಂದರಿನಿಂದ ದ್ವೀಪಕ್ಕೆ ದಿನವೂ ದೋಣಿ."

ಮನ್ನಿಸು ಅಂತ ಬರೆದರೆ ನನ್ನ ಅಕ್ಷರಕ್ಕೆ ಅದೂ ಬೋರ್ಡಿನ ಹಾಗೇ ಕಾಣುತ್ತದೆ.

ಚಿನಕುರುಳಿ


ಜೂನ್ 20

ಚಿನಕುರುಳಿ,

ನಿನ್ನ ಪತ್ರ ಓದಿ ಮೊದಲು ಬಂದದ್ದು ಸಿಟ್ಟು. ಎರಡನೇ ಸಲ ಓದಿದಾಗಲೂ ಸಿಟ್ಟು. ನಿನ್ನನ್ನು ಸಮುದ್ರಕ್ಕೆ ಎಸೆಯಬೇಕು ಅನ್ನಿಸಿತು. ಆಮೇಲೆ ಯೋಚಿಸಿದೆ, ಒಂದು ಹಲಗೆಯನ್ನು ನಂಬಿ ನಾನು ಚಿಕ್ಕಪ್ಪನ ಮೇಲೆ ಒಂದು ಪುಟ ಬರೆದೆನಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದರು ತೋರಿಸಿದ ಚಿಕ್ಕಪ್ಪ. "ಹೌದಾ ಚಿಕ್ಕಪ್ಪ?" ಅಂತ ನಾನೂ ಒಂದು ಸಾಲು ಬರೆದು ಕೇಳಲಿಲ್ಲ. ಚಿಕ್ಕಮ್ಮನಿಗೆ ನನ್ನ ಧನ್ಯವಾದ ವಾಪಸ್ ಕೊಡಲು ಹೇಳು. ತಪ್ಪಾಗಿ ಹೋಗಿದೆ.

ನನ್ನ ಅಮ್ಮನ ಹೆಸರು ಎತ್ತಿದ ಸಾಲಿಗೆ ಮಾತ್ರ ಕ್ಷಮೆ ಸದ್ಯಕ್ಕಿಲ್ಲ. ಊರಿಗೆ ಬಂದಾಗ ಎದುರಿಗೆ ಕೂರಿಸಿಕೊಂಡು ಜಗಳ ಆಡುತ್ತೇನೆ. ತಯಾರಾಗಿರು.

ಈಗ ನನ್ನ ಗುಟ್ಟು ಒಂದು. ನಾನು ಕೊಡೆ ಕಣೇ. ಅಂಚೆ ಮತ ಹಾಕಿದ್ದು ಕೊಡೆಗೆ. ಹೊಸ ಬಂದರು ಕಟ್ಟುತ್ತೇವೆ ಅನ್ನುವ ಜಾಗದ ಗಾಳಿಯನ್ನು ವರ್ಷವೆಲ್ಲ ಬರೆದಿಡುವವಳು ನಾನು. ಅಲ್ಲಿ ದಿನಾ ದೋಣಿ ನಿಲ್ಲುವುದಿಲ್ಲ, ಮಗುಚುತ್ತದೆ. ಇದನ್ನು ಅಪ್ಪನಿಗೆ ಹೇಳಲಿಲ್ಲ. ಮೊದಲೇ ಎಲ್ಲರೂ ಅವರಿಗೆ ಎದುರು ನಿಂತಿದ್ದಾರೆ, ಮಗಳೂ ಯಾಕೆ ಅಂದುಕೊಂಡೆ. ಏಪ್ರಿಲ್‌ನಲ್ಲಿ ನಿನ್ನ ಮೇಲೆ ಹರಿಹಾಯುವಾಗಲೂ ನಾನು ಕೊಡೆಯೇ. ಚಿಕ್ಕಪ್ಪನ ಪಕ್ಷದಲ್ಲಿದ್ದುಕೊಂಡು ಚಿಕ್ಕಪ್ಪನನ್ನು ಬೈದವಳು. ನನ್ನನ್ನು ಯಾವ ಕುರ್ಚಿಯಲ್ಲಿ ಕೂರಿಸುತ್ತೀಯೋ ನೀನೇ ಹೇಳು.

ಅಪ್ಪ ಗೆರೆ ಎಳೆದ ಸಾಲಿನ ಬಗ್ಗೆ ಓದಿದ ಮೇಲೆ ಒಂದು ದಿನ ಅಂಕಿ ಸರಿಯಾಗಿ ಬರೆಯಲಾಗಲಿಲ್ಲ. ಮೇಲಧಿಕಾರಿ ತಿದ್ದಿದರು. ಮರುದಿನ ಕುಳಿತು ಅಪ್ಪನಿಗೆ ಮೂರು ಪುಟ ಬರೆದೆ. ಅವರು ಎಲ್ಲಿ ತಪ್ಪು, ಯಾಕೆ ತಪ್ಪು, ಗಾಳಿಯ ವೇಗ ಎಷ್ಟು, ದೋಣಿ ದಿನಾ ಬರದಿದ್ದರೂ ನಾನು ಯಾವಾಗ ಬರುತ್ತೇನೆ, ಎಲ್ಲ. ಮಧ್ಯೆ ಯಾರೂ ಬಾಯಿ ಹಾಕಲಿಲ್ಲ. ಪತ್ರದಲ್ಲಿ ಅದೊಂದು ಸುಖ.

ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೇನೆ: "ಬೋರ್ಡಿನ ಬೆನ್ನು ನೋಡಿ, ಗಿರಾಕಿಯ ಹೆಸರು ಅಲ್ಲಿರುತ್ತದೆ." ಮಾರ್ಚಿನಲ್ಲಿ ನೀನೇ ಬರೆದಿದ್ದೆಯಲ್ಲ, ನಿಮ್ಮ ಮೇಸ್ತ್ರಿಯ ಪದ್ಧತಿ. ಅಲ್ಲಿ ಏನು ಗೀಚಿದ್ದೀಯೋ ನನಗೆ ಗೊತ್ತಿಲ್ಲ. ಮನೆಯಿಂದ ಓಡಿಸಿದರೆ ಇಲ್ಲಿಗೆ ಬಾ. ಒಂದು ಮಂಚ ಖಾಲಿ ಇದೆ.

ಲಕೋಟೆಯನ್ನು ಅಪ್ಪನ ಕೈಗೇ ಕೊಡು. ಒಡೆದು ಓದಬೇಡ. ನೀನು ಓದುತ್ತೀಯ, ಆದರೂ ಹೇಳಿದ್ದೇನೆ.

ಅಕ್ಕ


ಜುಲೈ 4

ಅಕ್ಕ,

ಓದಲಿಲ್ಲ. ಆಣೆಗೂ ಓದಲಿಲ್ಲ. ನಂಬುವುದು ಬಿಡುವುದು ನಿನ್ನ ಕಾಲಮು.

ಪತ್ರ ಭಾನುವಾರ ಬಂತು. ದೊಡ್ಡಪ್ಪನ ಕೈಗೆ ಕೊಟ್ಟೆ. ಬಾಗಿಲು ಹಾಕಿಕೊಂಡರು. ಅವತ್ತು ಡಬ್ಬಿ ಮುಟ್ಟಲೂ ಇಲ್ಲ.

ಸೋಮವಾರ ಬೆಳಿಗ್ಗೆ ಗಾಜಿನವನು ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು ಬಂದ. ಅಪ್ಪ ನಲ್ಲಿ ಪಕ್ಕ ನಿಂತಿದ್ದರು, ಕೂದಲು ಕಿವಿ ಮುಚ್ಚಿ ಕಾಲರಿಗೆ ಇಳಿದಿದೆ. ದೊಡ್ಡಪ್ಪ ಬಂದರು, ಗಡ್ಡ ಕುತ್ತಿಗೆ ಮುಚ್ಚಿದೆ. ಗಾಜಿನವನು ಇಬ್ಬರನ್ನೂ ನೋಡಿ, "ಕ್ಷೌರದ ಅಂಗಡಿ ಇದೇ ತಾನೆ?" ಅಂದ. ಯಾರೂ ನಗಲಿಲ್ಲ. "ಎಲ್ಲಿಗೆ ಗೆರೆ ಹಾಕಲಿ ಹೇಳಿ."

ದೊಡ್ಡಪ್ಪ ಸ್ಟೂಲು ಹತ್ತಿ ಜೇಬಿನಿಂದ ತಿರುಪುಳಿ ತೆಗೆದರು. ನಾನು ಬಾಗಿಲ ಹತ್ತಿರ ಸರಿದೆ, ಓಡಲು ಅನುಕೂಲವಾಗಲಿ ಅಂತ. ಒಂದು ತಿರುಪು. ಎರಡು. ನಾಲ್ಕನೆಯದು ಬಿಗಿದುಕೊಂಡಿತ್ತು. ಅಪ್ಪ ಅಭ್ಯಾಸಬಲದಿಂದ ಸ್ಟೂಲು ಹಿಡಿದುಕೊಂಡರು. ಹಿಡಿದ ಮೇಲೆ ಬಿಡುವುದು ಹೇಗೆ ಅಂತ ಗೊತ್ತಾಗದೆ ಹಾಗೇ ನಿಂತರು. ಬೋರ್ಡು ಕಳಚಿತು. ದೊಡ್ಡಪ್ಪ ತಿರುಗಿಸಿ ನೋಡಿದರು. ಸ್ಟೂಲಿನ ಮೇಲಿಂದಲೇ ಅಪ್ಪನಿಗೆ ಕೊಟ್ಟರು.

ಈಗ ನಿನಗೂ ಹೇಳುತ್ತೇನೆ. ಬೆನ್ನ ಮೇಲೆ ಎರಡು ಮುದಿ ಮೇಕೆಗಳಿವೆ. ಒಂದಕ್ಕೆ ಕನ್ನಡಕ, ಒಂದಕ್ಕೆ ಮೀಸೆ. ಒಂದರ ಗಡ್ಡವನ್ನು ಇನ್ನೊಂದು ಬೋಳಿಸುತ್ತಿದೆ, ಎರಡೂ ಬಾಯಿ ತೆರೆದು ಕಿರುಚುತ್ತಿವೆ. ಕೆಳಗೆ ಮೇಸ್ತ್ರಿಯ ಪದ್ಧತಿಯಂತೆ ನನ್ನ ಅಕ್ಷರದಲ್ಲಿ:

"ಗಿರಾಕಿ: ಯಾರೂ ಇಲ್ಲ. ಕಾರಣ: ಬೇಸರ. ತೆಗೆಯುವ ದಿನ: ಇವರಿಬ್ಬರೂ ನಕ್ಕ ದಿನ."

ಅಪ್ಪ ಓದಿದರು. ಇನ್ನೊಂದು ಸಲ ಓದಿದರು. "ಅಣ್ಣ, ನೀನು ಬರೆಸಿದ್ದಲ್ವಾ?"

"ನೀನು ಬರೆಸಿದ್ದು ಅಂದ್ಕೊಂಡಿದ್ದೆ."

"ಮತ್ತೆ ಯಾಕೆ ತೆಗೀಲಿಲ್ಲ?"

"ನೀನು ಹಾಕಿದ್ದನ್ನ ನಾನ್ಯಾಕೆ ತೆಗೀಲಿ? ನೀನ್ಯಾಕೆ ತೆಗೀಲಿಲ್ಲ?"

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಆ ಎರಡು ಪೊದೆಗಳ ಒಳಗಿಂದ ನಾಲ್ಕು ಕಣ್ಣು. ಓಡುವುದೇ ಮರೆತುಹೋಯಿತು ಅಕ್ಕ. ಬೈಗುಳಕ್ಕೆ ಕಾದೆ. ದೊಡ್ಡಪ್ಪ ಮೇಕೆಗಳನ್ನು ನೋಡುತ್ತ, "ಈ ಬೋಳಿಸಿಕೊಳ್ಳೋ ಮೇಕೆ ನೀನು ಕಣೋ" ಅಂದರು.

"ಅದಕ್ಕೆ ಮೀಸೆ ಇದೆ. ಮೀಸೆ ನಿಂದು."

"ಮೂತಿ ನೋಡು, ಮೂತಿ. ಆ ಮೂತಿ ಯಾರದ್ದು?"

"ನಮ್ಮಿಬ್ಬರದ್ದೂ ಅಪ್ಪನ ಮೂತಿನೇ ಅಲ್ವಾ ಅಣ್ಣ?"

ನಕ್ಕರೋ ಅಂತ ಕೇಳಬೇಡ. ಗಡ್ಡದೊಳಗೆ ಏನಾಯಿತೋ ನನಗೆ ಕಾಣಿಸಲಿಲ್ಲ. ಗಾಜಿನವನು, "ಗೆರೆ ಎಲ್ಲಿಗೆ ಹಾಕಲಿ ಅಂತ ಕೇಳಿದ್ದೆ" ಅಂದ. ಇಬ್ಬರೂ ಒಟ್ಟಿಗೇ, "ಸುಮ್ನಿರಪ್ಪ, ಮಾತಾಡ್ತಾ ಇಲ್ವಾ ನಾವು?" ಅಂದರು. ಅವನು ಬೆಂಚಿನ ಮೇಲೆ ಕುಳಿತು ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡ.

ಆಮೇಲೆ ದೊಡ್ಡಪ್ಪ ಹೋಗಿ ನಲ್ಲಿ ಪಕ್ಕದ ಕುರ್ಚಿಯಲ್ಲಿ ಕುಳಿತು ತಲೆ ಹಿಂದಕ್ಕೆ ಹಾಕಿದರು. ಅಷ್ಟೇ. ಅಪ್ಪ ಬಟ್ಟೆ ಕೊಡವಿದ್ದು ಕೊಡವಿದ್ದೇ, ಇಲ್ಲದ ಕೂದಲಿಗೆ. ಕತ್ತರಿಯಿಂದ ಗಡ್ಡ ತಗ್ಗಿಸಿ, ನೊರೆ ಹಚ್ಚಿ, ಕತ್ತಿ ಇಟ್ಟರು. ಒಂದು ಕೆನ್ನೆ ಮುಗಿಯುವ ತನಕ ಇಬ್ಬರೂ ಅಮ್ಮನ ಮಂಡಿ ನೋವು, ನಲ್ಲಿಯ ಸೋರಿಕೆ, ಲೆಕ್ಕದ ಮೇಷ್ಟ್ರು ಎಲ್ಲಿ ಗಡ್ಡ ಮಾಡಿಸಿಕೊಳ್ಳುತ್ತಾರೆ ಅನ್ನುವುದನ್ನೇ ಆಡಿದರು. ಆಮೇಲೆ ಅಪ್ಪ ತಡೆಯಲಾರದೆ ಬಂದರಿನ ಮಾತು ತೆಗೆದರು. "ಮಾರಿದ್ರೆ ನಮ್ಮ ಹಮಾಲರು ಎಲ್ಲಿಗೆ ಹೋಗ್ಬೇಕು ಅಣ್ಣ? ಇವತ್ತಿಗೂ ನಾನು ಅದನ್ನೇ ಹೇಳೋದು" ಅಂದು ಕತ್ತಿ ಎತ್ತಿ ಒರೆಸಲು ಶುರು ಮಾಡಿದರು.

ಕತ್ತಿ ಒರೆಸುವಾಗ ಕುಳಿತವನ ಮಾತು. ದೊಡ್ಡಪ್ಪ ಮಾತಾಡಲಿಲ್ಲ. ಅಪ್ಪ ಒರೆಸಿದರು. ಸ್ವಚ್ಛವಾದದ್ದನ್ನೇ ಮತ್ತೆ ಒರೆಸಿದರು. ನೊರೆ ಒಣಗುತ್ತಿತ್ತು. ದೊಡ್ಡಪ್ಪ ಅರ್ಧ ಮುಖದಲ್ಲಿ ಎದ್ದು ಹೋಗುತ್ತಾರೆ ಅಂತಲೇ ನನಗನ್ನಿಸಿತು. ಅವರು ಜೇಬು ಮುಟ್ಟಿಕೊಂಡರು. ನಿನ್ನ ಪತ್ರ ಅಲ್ಲೇ ಇತ್ತು.

"ನನ್ನ ಮಗಳೂ ನಿನ್ನ ಕಡೆಯಂತೆ" ಅಂದರು. "ಮೂರು ಪುಟ ಬರೆದಿದ್ದಾಳೆ. ಅವಳು ಹೇಳಿದ್ರೂ ತಪ್ಪು, ನೀನು ಹೇಳಿದ್ರೂ ತಪ್ಪು." ತಲೆ ಮತ್ತೆ ಹಿಂದಕ್ಕೆ ಹಾಕಿದರು. "ಇನ್ನೊಂದು ಕೆನ್ನೆ ಮಾಡು."

ಚಿನಕುರುಳಿ

ಮರೆತೆ. ಬೋರ್ಡನ್ನು ಮೇಕೆಗಳು ಕಾಣುವ ಹಾಗೆ ತಿರುಗಿಸಿ ಮತ್ತೆ ಹೊಡೆದಿದ್ದಾರೆ. ಕನ್ನಡಿ ಇಡಿಯಾಗಿಯೇ ಇದೆ. ನಿನ್ನೆ ಬಂದವನೊಬ್ಬ ಬಹಳ ಹೊತ್ತು ಮೇಲೆ ನೋಡಿ, "ಕೊಡೆಯವರ ಮೇಕೆ ಯಾವುದಮ್ಮ?" ಅಂತ ನನ್ನನ್ನು ಕೇಳಿದ. ನನಗೆ ಗೊತ್ತಿಲ್ಲ ಅಂದೆ. ನಂಬಲಿಲ್ಲ.